ಅಮ್ಮನ ಹನ್ನೆರಡು ಮಾತ್ರೆ: ಕೈ ನಡುಕ ವಯಸ್ಸಿನದ್ದಾ, ಮಾತ್ರೆಯದ್ದಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ಅಮ್ಮನಿಗೆ 74 ವರ್ಷ. ಬಿಪಿ, ಶುಗರ್, ಮಂಡಿ ನೋವು ಮೂರೂ ಇವೆ. ಹೋದ ಮಳೆಗಾಲದವರೆಗೂ ಹೂ ಕೊಯ್ಯುವುದು, ರಂಗೋಲಿ, ಅಡುಗೆ ಎಲ್ಲ ತಾವೇ ಮಾಡುತ್ತಿದ್ದರು. ಈಗ ಎರಡೂ ಕೈ ಸಣ್ಣಗೆ ನಡುಗುತ್ತವೆ. ಕಾಲು ಎಳೆದುಕೊಂಡು ನಡೆಯುತ್ತಾರೆ. ಮಾತು ಕಮ್ಮಿ, ಮುಖದಲ್ಲಿ ನಗು ಕಾಣುವುದಿಲ್ಲ. ಬಚ್ಚಲಲ್ಲಿ ಒಮ್ಮೆ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ.

ಹತ್ತಿರದ ಡಾಕ್ಟರ್ ನೋಡಿ "ಪಾರ್ಕಿನ್ಸನ್ ಶುರುವಾದ ಹಾಗಿದೆ" ಅಂತ ಅದಕ್ಕೆ ಕೊಡುವ ಲೆವೊಡೋಪಾ ಮಾತ್ರೆ ಬರೆದರು. ಅದನ್ನು ಇನ್ನೂ ಕೊಟ್ಟಿಲ್ಲ. ಕೊಡುವ ಮೊದಲು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ ಬರೆದುಕೊಂಡೆ.

ಫಿಸಿಶಿಯನ್ ಕೊಟ್ಟಿದ್ದು: ಟೆಲ್ಮಿಸಾರ್ಟಾನ್ ಜೊತೆ ಕ್ಲೋರ್ಥಾಲಿಡೋನ್ ಇರುವ ಬಿಪಿ ಮಾತ್ರೆ, ಆಮ್ಲೋಡಿಪಿನ್, ಗ್ಲಿಮೆಪಿರೈಡ್-ಮೆಟ್‌ಫಾರ್ಮಿನ್, ಆಸ್ಪಿರಿನ್ 75, ಕೊಲೆಸ್ಟ್ರಾಲ್ ಮಾತ್ರೆ, ಬೆಳಿಗ್ಗೆ ಪ್ಯಾಂಟೊಪ್ರಜೋಲ್. ಕಾಲು ಊದಿಕೊಂಡಾಗ ಸೇರಿಸಿದ, ನೀರು ಹೋಗುವ ಮಾತ್ರೆ ಫ್ರೂಸಿಮೈಡ್.
ಮೂಳೆ ಡಾಕ್ಟರ್ ಕೊಟ್ಟಿದ್ದು: ನೋವಿಗೆ ಅಸೆಕ್ಲೋಫೆನಾಕ್-ಪ್ಯಾರಸಿಟಮಾಲ್, ಕ್ಯಾಲ್ಸಿಯಂ, ಗ್ಯಾಸಿಗೆ ಅಂತ ರಾಬೆಪ್ರಜೋಲ್-ಲೆವೊಸಲ್ಪಿರೈಡ್ ಕ್ಯಾಪ್ಸೂಲ್.
ತಲೆಸುತ್ತಿಗೆ ಕಿವಿ-ಮೂಗು-ಗಂಟಲು ಡಾಕ್ಟರ್ ಕೊಟ್ಟಿದ್ದು: ಸಿನ್ನಾರಿಜಿನ್.
ಅಪ್ಪ ತೀರಿಕೊಂಡಾಗ ನಿದ್ದೆಗೆ ಅಂತ ಶುರುವಾದ ಕ್ಲೋನಜೆಪಾಮ್ 0.5. ಅದನ್ನು ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ.

ಒಟ್ಟು ಹನ್ನೆರಡು. ಒಬ್ಬ ಡಾಕ್ಟರ್ ಕೊಟ್ಟಿದ್ದನ್ನು ಇನ್ನೊಬ್ಬರು ನೋಡಿಲ್ಲ. ಇದರಲ್ಲಿ ಯಾವುದಾದರೂ ಮಾತ್ರೆಯಿಂದ ಹೀಗೆ ಆಗುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕಾಫಿತೋಟ
ಹನ್ನೆರಡಾ! ನನಗೆ ಓದಿಯೇ ಸುಸ್ತಾಯಿತು. ವಯಸ್ಸಾದ ಜೀವ ಹೇಗೆ ತಡೆಯುತ್ತದೆ?

ಬೆಂದಕಾಳೂರು
ಡಾಕ್ಟರ್ ಓದಿ ಬರೆದುಕೊಟ್ಟಿದ್ದಾರೆ. ಇಲ್ಲಿ ಕೇಳಿ ನಿರ್ಧಾರ ಮಾಡುವ ವಿಷಯ ಇದಲ್ಲ. ಪಾರ್ಕಿನ್ಸನ್ ಅಂದ ಮೇಲೆ ಔಷಧಿ ತಡ ಮಾಡಬೇಡಿ.

ತುಂಗಾತೀರ
ಸರ್, ನಾನು ಯಾವುದನ್ನೂ ನಿಲ್ಲಿಸಿಲ್ಲ. ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ತಿಳಿದುಕೊಂಡು ಹೋಗೋಣ ಅಂತ ಅಷ್ಟೇ.

ವಾರ್ಡ್‌ರೌಂಡ್
ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಶಿಯನ್ ಆಗಿದ್ದೇನೆ. ರೋಗಿಯನ್ನು ನೋಡದೆ ಇದೇ ಕಾಯಿಲೆ ಅಂತ ಹೇಳಲಾರೆ. ಆದರೆ ನಿಮ್ಮ ಪಟ್ಟಿಯಲ್ಲಿ ಎರಡು ಹೆಸರು ತಕ್ಷಣ ಕಣ್ಣಿಗೆ ಬಿದ್ದವು. ಲೆವೊಸಲ್ಪಿರೈಡ್ ಮತ್ತು ಸಿನ್ನಾರಿಜಿನ್.

ನಮ್ಮ ಚಲನೆ ಸರಾಗವಾಗಿರಲು ಮಿದುಳಿನಲ್ಲಿ ಡೋಪಮಿನ್ ಕೆಲಸ ಮಾಡಬೇಕು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಅದನ್ನು ತಯಾರಿಸುವ ಜೀವಕೋಶಗಳೇ ಸಾಯುತ್ತವೆ. ಲೆವೊಸಲ್ಪಿರೈಡ್‌ನಲ್ಲಿ ಹಾಗಲ್ಲ. ಜೀವಕೋಶಗಳು ಚೆನ್ನಾಗಿಯೇ ಇರುತ್ತವೆ, ಡೋಪಮಿನ್ ಹೋಗಿ ಕೂರಬೇಕಾದ ಜಾಗವನ್ನು ಈ ಔಷಧಿ ಹಿಡಿದುಕೊಳ್ಳುತ್ತದೆ. ಹೊಟ್ಟೆಯಲ್ಲಿ ಇದೇ ಕೆಲಸ ಮಾಡುವುದರಿಂದ ಊಟ ಬೇಗ ಮುಂದಕ್ಕೆ ಹೋಗಿ ಹೊಟ್ಟೆ ಉಬ್ಬರ ಕಮ್ಮಿಯಾಗುತ್ತದೆ. ಅದಕ್ಕೇ ಗ್ಯಾಸ್ ಮಾತ್ರೆಯ ಜೊತೆ ಸೇರಿಸಿ ಮಾರುತ್ತಾರೆ. ಆದರೆ ಮಿದುಳಿಗೂ ಹೋಗುತ್ತದಲ್ಲ, ತೊಂದರೆ ಅಲ್ಲಿ. ಸಿನ್ನಾರಿಜಿನ್‌ಗೂ ಡೋಪಮಿನ್ ತಡೆಯುವ ಗುಣ ಇದೆ. ಮೈಗ್ರೇನಿಗೆ ಕೊಡುವ ಫ್ಲುನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೋಕ್ಲೋರ್‌ಪೆರಜಿನ್ ಕೂಡ ಇದೇ ಗುಂಪು. ವಯಸ್ಸಾದವರು ತಿಂಗಳುಗಟ್ಟಲೆ ತೆಗೆದುಕೊಂಡರೆ ನಡುಕ, ಬಿಗಿತ, ನಿಧಾನ ನಡಿಗೆ, ಭಾವನೆಯಿಲ್ಲದ ಮುಖ ಎಲ್ಲ ಬರಬಹುದು. ನೋಡಲು ಥೇಟ್ ಪಾರ್ಕಿನ್ಸನ್. ನಿಜವಾದ ಪಾರ್ಕಿನ್ಸನ್ ಸಾಮಾನ್ಯವಾಗಿ ಒಂದು ಬದಿಯಿಂದ ಶುರುವಾಗುತ್ತದೆ. ಔಷಧಿಯಿಂದ ಬಂದಿದ್ದು ಎರಡೂ ಬದಿ ಒಟ್ಟಿಗೆ ಕಾಣುವುದು ಜಾಸ್ತಿ. ಹಾಗಂತ ಇದೊಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು.

ನರರೋಗ ತಜ್ಞರಿಗೆ ತೋರಿಸಿ. ಹನ್ನೆರಡೂ ಮಾತ್ರೆಗಳ ಸ್ಟ್ರಿಪ್ ತೆಗೆದುಕೊಂಡು ಹೋಗಿ. "ಈ ಎರಡು ಮಾತ್ರೆಯಿಂದ ಹೀಗಾಗಿರಬಹುದಾ? ಲೆವೊಡೋಪಾ ಶುರು ಮಾಡುವ ಮೊದಲು ಇವನ್ನು ನಿಲ್ಲಿಸಿ ನೋಡಬಹುದಾ?" ಅಂತ ನೇರವಾಗಿ ಕೇಳಿ.

ತುಂಗಾತೀರ
ಡಾಕ್ಟ್ರೇ, ಓದಿ ಕೈಕಾಲು ಆಡಲಿಲ್ಲ. ಗ್ಯಾಸ್ ಮಾತ್ರೆಯಿಂದ ನಡುಕ ಬರುತ್ತದೆ ಅಂತ ಯಾರು ತಾನೇ ಅಂದುಕೊಳ್ಳುತ್ತಾರೆ? ನಿಲ್ಲಿಸಿದರೆ ಸರಿಹೋಗುತ್ತದಾ?

ವಾರ್ಡ್‌ರೌಂಡ್
ಬಹಳ ಜನರಿಗೆ ಹೋಗುತ್ತದೆ. ಒಂದೇ ದಿನಕ್ಕಲ್ಲ, ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಕೆಲವರಲ್ಲಿ ಒಳಗೆ ನಿಜವಾದ ಪಾರ್ಕಿನ್ಸನ್ ಮೊದಲೇ ಶುರುವಾಗಿದ್ದು, ಮಾತ್ರೆ ಅದನ್ನು ಬೇಗ ಹೊರಗೆ ತಂದಿರುತ್ತದೆ. ಅಂಥವರಿಗೆ ಪೂರ್ತಿ ಹೋಗುವುದಿಲ್ಲ. ತಜ್ಞರು ನೋಡುತ್ತಾ ಇರಬೇಕು ಅನ್ನುವುದು ಅದಕ್ಕೇ.

ಫಾರ್ಮ್‌ಡಿ ಮೈಸೂರು
ನಾನು ಕ್ಲಿನಿಕಲ್ ಫಾರ್ಮಸಿ ಕಡೆಯವಳು. ವಯಸ್ಸಾದವರಿಗೆ ಯಾವ ಮಾತ್ರೆಯಲ್ಲಿ ಲಾಭಕ್ಕಿಂತ ಅಪಾಯ ಜಾಸ್ತಿ ಅಂತ ಪಟ್ಟಿಗಳೇ ಇವೆ. ಮಾರ್ಕ್ ಬಿಯರ್ಸ್ ಅನ್ನುವ ಅಮೆರಿಕದ ವೈದ್ಯರು 1991ರಲ್ಲಿ ವೃದ್ಧಾಶ್ರಮದವರಿಗಾಗಿ ಮೊದಲ ಪಟ್ಟಿ ತಂದರು. ಈಗ ಅದನ್ನು ಅಮೆರಿಕದ ವೃದ್ಧರ ವೈದ್ಯರ ಸಂಘ ಆಗಾಗ ಪರಿಷ್ಕರಿಸುತ್ತದೆ. 2023ರಲ್ಲೂ ಒಂದು ದೊಡ್ಡ ಪರಿಷ್ಕರಣೆ ಆಯಿತು. ಐರ್ಲೆಂಡಿನವರು 2008ರಲ್ಲಿ ಸ್ಟಾಪ್-ಸ್ಟಾರ್ಟ್ ಅಂತ ಇನ್ನೊಂದು ತಂದರು. ಅದರಲ್ಲಿ ಏನು ಬಿಡಬೇಕು ಅನ್ನುವುದರ ಜೊತೆಗೆ, ಕೊಡಬೇಕಾಗಿದ್ದೂ ಕೊಡದೆ ಬಿಟ್ಟಿರುವ ಔಷಧಿ ಯಾವುದು ಅಂತಲೂ ಇದೆ.

ನಮಗೆ ಮುಖ್ಯವಾದ ಮಾತು ಬೇರೆ ಇದೆ. ಲೆವೊಸಲ್ಪಿರೈಡ್, ಸಿನ್ನಾರಿಜಿನ್ ಎರಡೂ ಅಮೆರಿಕದ ಮಾರುಕಟ್ಟೆಯಲ್ಲೇ ಇಲ್ಲ. ಹಾಗಾಗಿ ಅಲ್ಲಿನ ಪಟ್ಟಿಯನ್ನು ಹುಡುಕಿ "ಅಮ್ಮನ ಮಾತ್ರೆ ಇದರಲ್ಲಿ ಇಲ್ಲ, ಸದ್ಯ" ಅಂತ ನೆಮ್ಮದಿ ಪಡುವ ಹಾಗಿಲ್ಲ. ನಮ್ಮ ಮನೆಗಳಲ್ಲಿ ತೊಂದರೆ ಕೊಡುವ ಎಷ್ಟೋ ಔಷಧಿಗಳು ನಮ್ಮಲ್ಲೇ ಜಾಸ್ತಿ ಓಡುವಂಥವು.

ಮತ್ತೆ, ಗ್ಯಾಸ್ ಮಾತ್ರೆಯ ಹೆಸರಿನ ಕೊನೆಗೆ ಎಲ್ ಅಥವಾ ಡಿ ಅಂತ ಅಕ್ಷರ ಇದ್ದರೆ ಸ್ಟ್ರಿಪ್ ತಿರುಗಿಸಿ ನೋಡಿ. ಸಾಮಾನ್ಯವಾಗಿ ಎಲ್ ಇದ್ದರೆ ಲೆವೊಸಲ್ಪಿರೈಡ್, ಡಿ ಇದ್ದರೆ ಡಾಂಪೆರಿಡೋನ್. ಡಾಂಪೆರಿಡೋನ್ ಹೃದಯದ ಬಡಿತ ಏರುಪೇರು ಮಾಡಬಹುದು ಅಂತ ಯುರೋಪಿನಲ್ಲಿ 2014ರಲ್ಲೇ ಅದರ ಡೋಸ್‌ಗೂ ದಿನಗಳಿಗೂ ಮಿತಿ ಹಾಕಿದರು. 60 ದಾಟಿದವರಿಗೆ ಅಪಾಯ ಹೆಚ್ಚು.

ಕಾಫಿತೋಟ
ಈಗಲೇ ಎದ್ದು ಹೋಗಿ ಮಾವನ ಡಬ್ಬಿ ನೋಡಿದೆ. ಡಿ ಇದೆ! ಮೂರು ವರ್ಷದ ಹಿಂದೆ ಮದುವೆ ಊಟ ಮಾಡಿ ಹೊಟ್ಟೆ ಕೆಟ್ಟಾಗ ಕೊಟ್ಟಿದ್ದು. ಇವತ್ತಿಗೂ ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಒಂದು.

ಪೇಟೆಬೀದಿ ಮೆಡಿಕಲ್ಸ್
ನಾನು ಮೆಡಿಕಲ್ ಶಾಪ್ ಇಟ್ಟಿರುವವನು. ಎಲ್ಲರೂ ಅಂಗಡಿಯವರನ್ನು ಬೈಯುವ ಮೊದಲೇ ಹೇಳಿಬಿಡುತ್ತೇನೆ. ಜನ ಬಂದು ಹಳೇ ಸ್ಟ್ರಿಪ್ಪಿನ ಫೋಟೊ ತೋರಿಸಿ "ಇದೇ ಕೊಡಿ, ಒಂದು ತಿಂಗಳಿಗೆ" ಅನ್ನುತ್ತಾರೆ. ಚೀಟಿ ಕೇಳಿದರೆ ಮುಖ ಗಂಟು. "ಮುಂದಿನ ಅಂಗಡಿಯಲ್ಲಿ ಕೊಡುತ್ತಾರೆ" ಅಂತ ಹೊರಟೇ ಬಿಡುತ್ತಾರೆ. ಅಲ್ಪ್ರಜೋಲಾಮ್, ಜೋಲ್ಪಿಡೆಮ್, ಟ್ರಮಡಾಲ್ ಎಲ್ಲ 2014ರಿಂದ ಎಚ್-1 ಪಟ್ಟಿಯಲ್ಲಿವೆ. ಚೀಟಿ ನೋಡಬೇಕು, ಡಾಕ್ಟರ ಹೆಸರು, ರೋಗಿಯ ಹೆಸರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ನಾನು ಬರೆಯುತ್ತೇನೆ. ಗಿರಾಕಿ ಕಳೆದುಕೊಂಡರೂ ಪರವಾಗಿಲ್ಲ.

ಕಡಲಮಗ
ಅದು ಸರಿ ಮಾರಾಯ್ರೇ, ಆದರೆ ಸ್ಟ್ರಿಪ್ ಕತ್ತರಿಸಿ ಕೊಡುವುದನ್ನು ಯಾಕೆ ಬಿಡುವುದಿಲ್ಲ? ನಾಲ್ಕು ಮಾತ್ರೆ ಕೇಳಿದರೆ ಹೆಸರೂ ಇಲ್ಲದ, ಎಕ್ಸ್‌ಪೈರಿಯೂ ಇಲ್ಲದ ತುಂಡು ಕೈಗೆ ಬರುತ್ತದೆ. ನಮ್ಮ ದೊಡ್ಡಮ್ಮನ ಡಬ್ಬಿ ತುಂಬಾ ಅಂಥ ತುಂಡುಗಳೇ. ಅವರು ಬಣ್ಣ ನೋಡಿ ತೆಗೆದುಕೊಳ್ಳುವುದು. ಕಂಪನಿ ಬದಲಾಗಿ ಬಿಳಿ ಹೋಗಿ ಹಳದಿ ಬಂದರೆ ಮುಗಿಯಿತು, ಎರಡನ್ನೂ ನುಂಗುತ್ತಾರೆ.

ಪೇಟೆಬೀದಿ ಮೆಡಿಕಲ್ಸ್
ಒಪ್ಪುತ್ತೇನೆ. ಹೆಸರು ಇರುವ ಕಡೆಯ ತುಂಡನ್ನೇ ಕೇಳಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಕವರಿನ ಮೇಲೆ ಬರೆಸಿಕೊಳ್ಳಿ. ಕೇಳುವುದು ನಿಮ್ಮ ಹಕ್ಕು.

ಬೆಂದಕಾಳೂರು
ಇದನ್ನೆಲ್ಲ ಓದಿ ಯಾರಾದರೂ ನಾಳೆಯೇ ಮಾತ್ರೆ ಬಿಟ್ಟರೆ ಹೊಣೆ ಯಾರು? ನಮ್ಮ ತಂದೆಗೆ ಹೃದಯಕ್ಕೆ ಸ್ಟೆಂಟ್ ಹಾಕಿತ್ತು. ವಾಟ್ಸಾಪಿನಲ್ಲಿ "ಆಸ್ಪಿರಿನ್‌ನಿಂದ ಹೊಟ್ಟೆಯಲ್ಲಿ ರಕ್ತಸ್ರಾವ" ಅಂತ ಬಂದಿದ್ದನ್ನು ನೋಡಿ, ನಮಗೆ ಯಾರಿಗೂ ಹೇಳದೆ ರಕ್ತ ತೆಳು ಮಾಡುವ ಎರಡೂ ಮಾತ್ರೆ ಬಿಟ್ಟರು. ಸ್ಟೆಂಟ್ ಮುಚ್ಚಿಕೊಂಡು ಐಸಿಯು ಸೇರಿದರು. ಬದುಕಿ ಬಂದಿದ್ದೇ ಹೆಚ್ಚು. ಅದಕ್ಕೇ ನನಗೆ ಇಂಥ ಚರ್ಚೆ ಅಂದರೆ ಭಯ.

ವಾರ್ಡ್‌ರೌಂಡ್
ನಿಮ್ಮ ಭಯ ನೂರಕ್ಕೆ ನೂರು ಸರಿ. ಇದನ್ನು ಎಲ್ಲರೂ ಗಮನಿಸಿ. ಪಟ್ಟಿಯಲ್ಲಿದೆ ಅಂದ ಮಾತ್ರಕ್ಕೆ ಆ ಮಾತ್ರೆ ನಿಷಿದ್ಧ ಅಲ್ಲ. "ಈ ರೋಗಿಗೆ ಇದು ಬೇಕಾ ಅಂತ ಇನ್ನೊಮ್ಮೆ ಯೋಚಿಸಿ" ಅಂತ ಅಷ್ಟೇ ಅದರ ಅರ್ಥ.

ಆಸ್ಪಿರಿನ್ ಒಳ್ಳೆಯ ಉದಾಹರಣೆ. ಹೃದಯಾಘಾತ, ಪಾರ್ಶ್ವವಾಯು, ಸ್ಟೆಂಟ್ ಯಾವುದೂ ಆಗಿಲ್ಲದ 70 ದಾಟಿದವರಿಗೆ ಸುಮ್ನೆ ಮುನ್ನೆಚ್ಚರಿಕೆಗೆ ಆಸ್ಪಿರಿನ್ ಕೊಡುವುದರಿಂದ ಲಾಭ ಕಾಣಲಿಲ್ಲ, ರಕ್ತಸ್ರಾವ ಜಾಸ್ತಿಯಾಯಿತು. ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ ನಡೆದ ಆಸ್ಪ್ರೀ ಅಧ್ಯಯನ 2018ರಲ್ಲಿ ಇದನ್ನು ತೋರಿಸಿತು. ಆದರೆ ಸ್ಟೆಂಟ್ ಇದ್ದವರಿಗೆ ಅದೇ ಆಸ್ಪಿರಿನ್ ಪ್ರಾಣ ಉಳಿಸುವ ಔಷಧಿ. ಒಂದೇ ಮಾತ್ರೆ, ಬೇರೆ ಬೇರೆ ಮನುಷ್ಯರು.

ಕ್ಲೋನಜೆಪಾಮ್ ಥರದ ನಿದ್ದೆ ಮಾತ್ರೆ, ಬಿಪಿ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್, ಬಿಪಿಗೆ ಕೊಡುವ ಕ್ಲೊನಿಡಿನ್, ಸ್ಟೀರಾಯ್ಡ್, ಫಿಟ್ಸ್ ಮಾತ್ರೆ, ಖಿನ್ನತೆಯ ಮಾತ್ರೆ. ಇವುಗಳನ್ನು ಯಾವತ್ತೂ ಒಮ್ಮೆಲೇ ನಿಲ್ಲಿಸಬಾರದು. ತುಂಗಾತೀರ ಅವರೇ, ಅಮ್ಮ ವರ್ಷಗಟ್ಟಲೆ ಕ್ಲೋನಜೆಪಾಮ್ ತೆಗೆದುಕೊಂಡಿದ್ದಾರೆ. ದಿಢೀರ್ ಬಿಡಿಸಿದರೆ ನಿದ್ದೆ ಪೂರ್ತಿ ಹೋಗಬಹುದು, ಚಡಪಡಿಕೆ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ನಿಧಾನವಾಗಿ, ವಾರಗಳ ಲೆಕ್ಕದಲ್ಲಿ ಇಳಿಸಬೇಕು.

ಬೆಂದಕಾಳೂರು
ಇಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೆ ಧನ್ಯವಾದ ಡಾಕ್ಟ್ರೇ. ನನ್ನ ತಕರಾರು ಇದಕ್ಕಲ್ಲ.

ಪೇಢಾನಗರಿ
ಧಾರವಾಡದಿಂದ. ನಮ್ಮ ಅವ್ವಗ ಮಂಡಿನೋವಿಗೆ ಯಾರೋ ಊರೂರು ತಿರುಗುವವರು ಒಂದು ಪುಡಿ ಕೊಡುತ್ತಿದ್ದರು. ಗಿಡಮೂಲಿಕೆ ಅಂತ ಹೇಳಿ. ಎರಡು ದಿನದಾಗ ನೋವು ಮಾಯ ನೋಡ್ರಿ! ಮುಖ ದುಂಡಗಾಯಿತು, ಹಸಿವು ಜಾಸ್ತಿ, ಶುಗರ್ ಇರಲಾರದವರಿಗೆ ಶುಗರ್ ಬಂತು. ಡಾಕ್ಟರು ನೋಡಿ "ಇದರಾಗ ಸ್ಟೀರಾಯ್ಡ್ ಇರಬೇಕು" ಅಂದರು. ಇಂಗ್ಲಿಷ್ ಗುಳಿಗೆ ಅಷ್ಟೇ ಅಲ್ಲ, ಇಂಥವನ್ನೂ ಲೆಕ್ಕಕ್ಕ ಹಿಡೀರಿ.

ವಾರ್ಡ್‌ರೌಂಡ್
ತುಂಬಾ ಮುಖ್ಯವಾದ ಮಾತು. ಅಂಥ ಪುಡಿಯನ್ನೂ ಮನೆಯಲ್ಲೇ ದಿಢೀರ್ ನಿಲ್ಲಿಸಬೇಡಿ. ಬಹಳ ದಿನ ಸ್ಟೀರಾಯ್ಡ್ ಹೋಗಿದ್ದರೆ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಮ್ಮಿ ಮಾಡಿರುತ್ತದೆ. ಒಮ್ಮೆಲೇ ನಿಂತರೆ ಬಿಪಿ ಕುಸಿದು ಅಪಾಯ. ಪುಡಿಯನ್ನೇ ಡಾಕ್ಟರಿಗೆ ತೋರಿಸಿ.

ಹಸಿರುಮದ್ದು
ಅದಕ್ಕೇ ಹೇಳುವುದು, ಈ ಅಲೋಪತಿ ಸಹವಾಸವೇ ಬೇಡ. ಎಲ್ಲ ಬಿಟ್ಟು ಮನೆಮದ್ದು, ಪಥ್ಯ ಮಾಡಿ. ನಮ್ಮ ಹಿರಿಯರು ನೂರು ವರ್ಷ ಬದುಕಿದ್ದು ಹಾಗೆಯೇ.

ಸಿಸ್ಟರಕ್ಕ
ಅಣ್ಣಾ, ನಿಮ್ಮ ಮೇಲೆ ಗೌರವ ಇಟ್ಟೇ ಹೇಳುತ್ತೇನೆ. ಈ ಮಾತಿಗೆ ನನ್ನ ವಿರೋಧ ಇದೆ. ಮೂವತ್ತು ವರ್ಷ ನರ್ಸ್ ಕೆಲಸ ಮಾಡಿದ್ದೇನೆ. ಶುಗರ್ ಮಾತ್ರೆ ಬಿಟ್ಟು ಕಷಾಯ ಕುಡಿದು ಕಾಲು ಕೊಳೆತು ಬಂದವರನ್ನು ನೋಡಿದ್ದೇನೆ. ಇಲ್ಲಿ ಹೇಳುತ್ತಿರುವುದು ಔಷಧಿ ಬೇಡ ಅಂತ ಅಲ್ಲ. ಬೇಕಾಗಿದ್ದು ಇರಲಿ, ಬೇಡದ್ದು ಹೋಗಲಿ ಅಂತ. ಎಲ್ಲ ಬಿಡಿ ಅನ್ನುವುದೂ ತಪ್ಪು, ಎಲ್ಲ ನುಂಗಿ ಅನ್ನುವುದೂ ತಪ್ಪು.

ಮೇಲಿನ ಪಟ್ಟಿಯಲ್ಲಿ ನನಗೆ ಎದ್ದು ಕಂಡಿದ್ದು ಕಾಲಿನ ಊತ. ಆಮ್ಲೋಡಿಪಿನ್ ತೆಗೆದುಕೊಂಡರೆ ಬಹಳ ಜನರಿಗೆ ಪಾದ ಊದುತ್ತದೆ. ಅದನ್ನು ಹೊಸ ಕಾಯಿಲೆ ಅಂದುಕೊಂಡು ನೀರು ಹೋಗುವ ಮಾತ್ರೆ ಸೇರಿಸುತ್ತಾರೆ. ಅದರಿಂದ ರಾತ್ರಿ ಪದೇ ಪದೇ ಬಚ್ಚಲಿಗೆ ಏಳಬೇಕು. ನಿದ್ದೆ ಮಾತ್ರೆಯ ಮಂಪರು ಬೇರೆ. ಕತ್ತಲಲ್ಲಿ ಎದ್ದು ಬೀಳುವುದು ಹೀಗೆಯೇ. ಬಿದ್ದು ಸೊಂಟ ಮುರಿದುಕೊಂಡು ಬಂದ ಅಜ್ಜಿಯರ ಚೀಲ ತೆರೆದು ನೋಡಿದರೆ ಅರ್ಧಕ್ಕರ್ಧ ಇದೇ ಕಥೆ.

ಫಾರ್ಮ್‌ಡಿ ಮೈಸೂರು
ಅಕ್ಕ ಹೇಳಿದ್ದು ಸರಿಯಾಗಿದೆ. ಒಂದು ಮಾತ್ರೆಯ ಅಡ್ಡಪರಿಣಾಮಕ್ಕೆ ಇನ್ನೊಂದು ಮಾತ್ರೆ, ಅದಕ್ಕೆ ಮತ್ತೊಂದು. ನಡುಕಕ್ಕೆ ಬರೆದ ಲೆವೊಡೋಪಾ ಕೂಡ ಹೀಗೇ ಸೇರಿರಬಹುದು.

ಇನ್ನೂ ಎರಡು ವಿಷಯ. ರಾಬೆಪ್ರಜೋಲ್, ಪ್ಯಾಂಟೊಪ್ರಜೋಲ್ ಎರಡೂ ಒಂದೇ ಕೆಲಸ ಮಾಡುವ ಮಾತ್ರೆ. ಇಬ್ಬರು ಡಾಕ್ಟರು ಬರೆದಿದ್ದರಿಂದ ಎರಡು ಸೇರಿವೆ. ಟೆಲ್ಮಿಸಾರ್ಟಾನ್, ನೀರು ಹೋಗುವ ಮಾತ್ರೆ, ಅಸೆಕ್ಲೋಫೆನಾಕ್ ಮೂರೂ ಒಟ್ಟಿಗೆ ಹೋದರೆ ಕಿಡ್ನಿಗೆ ಬಹಳ ಭಾರ. ಅಮ್ಮನಿಗೆ ನೀರು ಹೋಗುವುದು ಎರಡಿವೆ, ಯಾಕೆಂದರೆ ಕ್ಲೋರ್ಥಾಲಿಡೋನ್ ಕೂಡ ಅದೇ ಜಾತಿ. ಬೇಧಿ, ವಾಂತಿ ಆಗಿ ಮೈಯಲ್ಲಿ ನೀರು ಕಮ್ಮಿಯಾದ ದಿನ ಇದು ಇನ್ನೂ ಅಪಾಯ. ಕಿಡ್ನಿ ಹೇಗಿದೆ ಅಂತ ತಿಳಿಯಲು ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ. ವಯಸ್ಸಾದವರಲ್ಲಿ ಮಾಂಸಖಂಡ ಕರಗಿರುವುದರಿಂದ ಕ್ರಿಯಾಟಿನಿನ್ ನಾರ್ಮಲ್ ಅಂತ ಬಂದರೂ ಕಿಡ್ನಿ ಸೋತಿರಬಹುದು. ರಿಪೋರ್ಟಿನಲ್ಲಿ ಇ-ಜಿಎಫ್‌ಆರ್, ಅಂದರೆ ಕಿಡ್ನಿ ರಕ್ತ ಸೋಸುವ ಶಕ್ತಿಯ ಅಂದಾಜು, ಎಷ್ಟು ಅಂತ ನೋಡಬೇಕು. ಸೋಡಿಯಂ, ಪೊಟ್ಯಾಸಿಯಂ ಕೂಡ ಮಾಡಿಸಿ.

ಕಡಲಮಗ
ಸೋಡಿಯಂ ಅಂದಾಗ ನೆನಪಾಯಿತು. ನಮ್ಮ ಕಡೆ ಈಗ ಯಾರ ಮನೆಯ ಅಜ್ಜ ಅಜ್ಜಿ ಆಸ್ಪತ್ರೆ ಸೇರಿದರೂ "ಸೋಡಿಯಂ ಕಮ್ಮಿಯಾಗಿತ್ತು" ಅನ್ನುತ್ತಾರೆ. ಅದು ಮಾತ್ರೆಯಿಂದ ಆಗುವುದಾ? ನಾವು ಉಪ್ಪು ಕಮ್ಮಿ ತಿಂದಿದ್ದಕ್ಕೆ ಅಂದುಕೊಂಡಿದ್ದೆವು.

ವಾರ್ಡ್‌ರೌಂಡ್
ಕಾರಣಗಳು ಹಲವು. ಆದರೆ ಕ್ಲೋರ್ಥಾಲಿಡೋನ್, ಹೈಡ್ರೊಕ್ಲೋರೊಥಯಜೈಡ್ ಸೇರಿದ ಬಿಪಿ ಮಾತ್ರೆಗಳು ದೊಡ್ಡ ಕಾರಣ. ಬಿಪಿ ಮಾತ್ರೆಯ ಹೆಸರಿನ ಕೊನೆಗೆ ಎಚ್ ಅಥವಾ ಸಿಟಿ ಇದ್ದರೆ ಸಾಮಾನ್ಯವಾಗಿ ಇವೇ. ಜೊತೆಗೆ ಖಿನ್ನತೆಯ ಮಾತ್ರೆ ಇದ್ದರೆ ಸೋಡಿಯಂ ಇನ್ನೂ ಬೇಗ ಇಳಿಯಬಹುದು. ಸುಸ್ತು, ಹಳೆಯದು ಹೊಸದು ಕಲಸಿ ಮಾತಾಡುವುದು, ತೂರಾಡುವುದು ಇದರ ಲಕ್ಷಣ. ಮನೆಯವರು ಮರೆವಿನ ಕಾಯಿಲೆ ಅಂದುಕೊಳ್ಳುತ್ತಾರೆ. ಇವು ಬಿಪಿಗೆ ಒಳ್ಳೆಯ ಔಷಧಿಗಳೇ. ಶುರು ಮಾಡಿದ ಮೇಲೆ ರಕ್ತ ಪರೀಕ್ಷೆ ಮಾಡದೆ ಬಿಡುವುದು ತಪ್ಪು.

ಆಗುಂಬೆಮಳೆ
ನಮ್ಮಜ್ಜನ ಕಥೆ ಹೇಳುತ್ತೇನೆ. ಪ್ರೊಸ್ಟೇಟ್ ಸ್ವಲ್ಪ ದೊಡ್ಡದಿತ್ತು. ಮಳೆಗಾಲದ ಶೀತಕ್ಕೆ ಅಂಗಡಿಯಿಂದ ಶೀತದ ಮಾತ್ರೆ ತಂದು ಕೊಟ್ಟರು. ಎರಡನೇ ದಿನ ಮೂತ್ರವೇ ಬರಲಿಲ್ಲ. ಹೊಟ್ಟೆ ಉಬ್ಬಿ ನರಳಾಟ. ಆ ಮಳೆಯಲ್ಲಿ, ಮರ ಬಿದ್ದ ರಸ್ತೆಯಲ್ಲಿ ತೀರ್ಥಹಳ್ಳಿಗೆ ಕರೆದುಕೊಂಡು ಹೋಗಿ ಕ್ಯಾಥೆಟರ್ ಹಾಕಿಸಿದ್ದು. ಶೀತದ ಮಾತ್ರೆಯಲ್ಲಿದ್ದ ಕ್ಲೋರ್‌ಫೆನಿರಮಿನ್‌ನಿಂದ ಹೀಗಾಗಿದ್ದು ಅಂತ ಅಲ್ಲಿ ಹೇಳಿದರು. ನೆಗಡಿ ಮಾತ್ರೆಗೆ ಚೀಟಿ ಬೇಕು ಅಂತ ಹಳ್ಳಿಯಲ್ಲಿ ಯಾರೂ ಯೋಚಿಸುವುದಿಲ್ಲ.

ಫಾರ್ಮ್‌ಡಿ ಮೈಸೂರು
ಹೌದು, ಆ ಗುಂಪಿನ ಔಷಧಿಗಳು ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ, ಮೂತ್ರ ಕಟ್ಟುತ್ತವೆ, ಮರೆವು ಗೊಂದಲ ಜಾಸ್ತಿ ಮಾಡುತ್ತವೆ. ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಹೊಟ್ಟೆ ಹಿಡಿತಕ್ಕೆ ಕೊಡುವ ಡೈಸೈಕ್ಲೊಮಿನ್ ಕೂಡ ಇದೇ ಥರ.

ನ್ಯೂಜೆರ್ಸಿ ಕನ್ನಡಿಗ
ಇಲ್ಲಿಂದ ಊರಿಗೆ ಹೊರಡುವ ನಮ್ಮವರಿಗೆ ಒಂದು ಮನವಿ. ಅಪ್ಪ ಅಮ್ಮನಿಗೆ ಅಂತ ಟೈಲನಾಲ್ ಪಿಎಂ ಥರದ ರಾತ್ರಿ ಮಾತ್ರೆಗಳ ದೊಡ್ಡ ಡಬ್ಬಿ ಒಯ್ಯುತ್ತೀರಿ. ಅದರಲ್ಲಿ ನೋವಿನ ಔಷಧಿ ಜೊತೆ ಡೈಫೆನ್‌ಹೈಡ್ರಮಿನ್ ಇರುತ್ತದೆ. ಮೇಲೆ ಹೇಳಿದ ಕ್ಲೋರ್‌ಫೆನಿರಮಿನ್ ಜಾತಿಯದೇ. ಬಿಯರ್ಸ್ ಪಟ್ಟಿಯಲ್ಲಿ ವಯಸ್ಸಾದವರಿಗೆ ಬೇಡ ಅಂತಲೇ ಇದೆ. ಪಿಎಂ ಅಂತ ಇರುವುದನ್ನು ಬಿಟ್ಟು ಬರೀ ಪ್ಯಾರಸಿಟಮಾಲ್ ಬೇಕಿದ್ದರೆ ಅದು ಊರಲ್ಲೇ ಸಿಗುತ್ತದೆ, ಅಗ್ಗ ಬೇರೆ.

ಇಲ್ಲಿ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್‌ನ ಔಷಧಿ ಯೋಜನೆಯಲ್ಲಿ ಅರ್ಹರಾದವರಿಗೆ ವರ್ಷಕ್ಕೊಮ್ಮೆ ಎಲ್ಲ ಮಾತ್ರೆಗಳನ್ನೂ ಕೂರಿಸಿಕೊಂಡು ಪರಿಶೀಲಿಸುವ ವ್ಯವಸ್ಥೆ ಇದೆ. ನಮ್ಮಲ್ಲೂ ಯಾಕಿಲ್ಲ?

ಪೇಟೆಬೀದಿ ಮೆಡಿಕಲ್ಸ್
ನಮ್ಮಲ್ಲಿ ದಿನಕ್ಕೆ ನೂರಾರು ಜನ ನೋಡುವ ಡಾಕ್ಟರಿಗೆ ಒಬ್ಬರಿಗೆ ಅರ್ಧ ಗಂಟೆ ಎಲ್ಲಿಂದ ಬರಬೇಕು?

ಫಾರ್ಮ್‌ಡಿ ಮೈಸೂರು
ಅದಕ್ಕೆ ತಯಾರಾದವರು ಇದ್ದಾರೆ ಅನ್ನುವುದೇ ನನ್ನ ಸಂಕಟ. ಆರು ವರ್ಷದ ಫಾರ್ಮ್‌ಡಿ ಕೋರ್ಸ್ ದೇಶದಲ್ಲಿ 2008ರಲ್ಲೇ ಶುರುವಾಯಿತು. ಕರ್ನಾಟಕದ ಎಷ್ಟೋ ಕಾಲೇಜುಗಳಿಂದ ಪ್ರತಿ ವರ್ಷ ಹುಡುಗ ಹುಡುಗಿಯರು ಹೊರಗೆ ಬರುತ್ತಾರೆ. ಎಲ್ಲ ಡಾಕ್ಟರ ಚೀಟಿಗಳನ್ನೂ ಒಟ್ಟಿಗೆ ಇಟ್ಟು ಓದುವುದೇ ಅವರು ಕಲಿತ ವಿದ್ಯೆ. ತಾಲೂಕು ಆಸ್ಪತ್ರೆಗೆ ಒಬ್ಬರನ್ನು ಈ ಕೆಲಸಕ್ಕೇ ಇಟ್ಟರೆ ಎಷ್ಟು ಅಜ್ಜ ಅಜ್ಜಿಯರು ಬೀಳುವುದು ತಪ್ಪುತ್ತದೆ! ಕೆಲಸ ಸಿಗದೆ ಅವರಲ್ಲಿ ಬಹಳ ಜನ ಬೇರೆ ದಾರಿ ಹಿಡಿಯುತ್ತಾರೆ.

ನಿದ್ದೆ ಮಾತ್ರೆ ಬಿಡಿಸುವುದು ಆಗುವುದೇ ಇಲ್ಲ ಅನ್ನುವವರಿಗೆ: ಕೆನಡಾದ ಕ್ವಿಬೆಕ್‌ನಲ್ಲಿ ವಯಸ್ಸಾದವರಿಗೆ ಬರೀ ಒಂದು ತಿಳಿವಳಿಕೆ ಪುಸ್ತಿಕೆ ಕೊಟ್ಟು ನೋಡಿದರು. ಈ ಮಾತ್ರೆ ಏನು ಮಾಡುತ್ತದೆ, ಹೇಗೆ ನಿಧಾನವಾಗಿ ಇಳಿಸಬೇಕು ಅಂತ ಅದರಲ್ಲಿತ್ತು. ಆರು ತಿಂಗಳಲ್ಲಿ ಶೇ 27 ಜನ ಪೂರ್ತಿ ಬಿಟ್ಟಿದ್ದರು. ಪುಸ್ತಿಕೆ ಸಿಗದವರಲ್ಲಿ ಬಿಟ್ಟವರು ಶೇ 5. ಇದು 2014ರಲ್ಲಿ ಪ್ರಕಟವಾಯಿತು. ಕನ್ನಡದಲ್ಲಿ ಅಂಥದ್ದೊಂದು, ದೊಡ್ಡ ಅಕ್ಷರದಲ್ಲಿ ಬರಬೇಕು.

ಕಾಫಿತೋಟ
ಬಂದರೆ ನಮ್ಮೂರಿನ ಸೊಸೈಟಿ, ಹಾಲಿನ ಡೇರಿಯಲ್ಲಿ ಹಂಚುವ ಕೆಲಸ ನನಗಿರಲಿ.

ಪೇಢಾನಗರಿ
ಶುಗರ್ ಗುಳಿಗೆ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಅತ್ತೆ ಏಕಾದಶಿ ತಪ್ಪದೆ ಮಾಡುತ್ತಾರೆ. ಊಟ ಇಲ್ಲ, ಗುಳಿಗೆ ಮಾತ್ರ ತಪ್ಪಿಸುವುದಿಲ್ಲ. ದೇವರ ಮುಂದೆಯೇ ಬೆವೆತು ಕುಸಿದರು. ಶುಗರ್ 48 ಇತ್ತು.

ವಾರ್ಡ್‌ರೌಂಡ್
ಗ್ಲಿಮೆಪಿರೈಡ್ ಇರುವ ಮಾತ್ರೆ ಆಗಿರಬೇಕು. ಅದು ಊಟ ಇದ್ದರೂ ಇಲ್ಲದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ. ಗ್ಲಿಬೆನ್‌ಕ್ಲಮೈಡ್ ಇನ್ನೂ ಕೆಟ್ಟದು, ಅದರ ಪರಿಣಾಮ ದೇಹದಲ್ಲಿ ಬಹಳ ಹೊತ್ತು ಉಳಿಯುತ್ತದೆ. ಬಿಯರ್ಸ್ ಪಟ್ಟಿ ಎರಡರ ಬಗ್ಗೆಯೂ ಎಚ್ಚರಿಸುತ್ತದೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಶುಗರ್ ಹೀಗೆ ಕುಸಿಯುವುದು ಅಪರೂಪ. ಉಪವಾಸ ಮಾಡುವವರು ಅಂತ ಡಾಕ್ಟರಿಗೆ ಮೊದಲೇ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಎಂಬತ್ತರ ಅಜ್ಜಿಗೆ ನಲವತ್ತರ ಮಗನ ಹಾಗೆ ಬಿಗಿಯಾಗಿ ಶುಗರ್ ಹಿಡಿಯಬೇಕಾಗಿಲ್ಲ. ಹಲವು ಕಾಯಿಲೆ ಇರುವ ವಯಸ್ಸಾದವರಿಗೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 8ರ ಒಳಗಿದ್ದರೂ ಸಾಕು ಅಂತ ಮಾರ್ಗಸೂಚಿಗಳೇ ಒಪ್ಪುತ್ತವೆ.

ಹಸಿರುಮದ್ದು
ನಾನು ಎಲ್ಲ ಬಿಡಿ ಅಂದಿದ್ದು ಜಾಸ್ತಿಯಾಯಿತು ಅನ್ನುತ್ತೀರಲ್ಲ, ಆಗಲಿ. ಆದರೆ ಒಂದು ಮಾತು ಒಪ್ಪಿ. ನಿದ್ದೆ ಬಾರದ ಎಲ್ಲ ಅಜ್ಜಿಗೂ ಮಾತ್ರೆ ಬೇಕಾಗಿಲ್ಲ. ಮಧ್ಯಾಹ್ನ ಮೂರು ಗಂಟೆ ಮಲಗಿ, ಸಂಜೆ ಎರಡು ಲೋಟ ಕಾಫಿ ಕುಡಿದರೆ ರಾತ್ರಿ ಹತ್ತಕ್ಕೆ ನಿದ್ದೆ ಎಲ್ಲಿಂದ ಬರಬೇಕು?

ಸಿಸ್ಟರಕ್ಕ
ಇದನ್ನು ಪೂರ್ತಿ ಒಪ್ಪುತ್ತೇನೆ ಅಣ್ಣಾ. ಇಂಥದ್ದನ್ನು ಮೊದಲು ನೋಡಬೇಕು.

ತುಂಗಾತೀರ
ಎಲ್ಲರಿಗೂ ಸುದ್ದಿ ಕೊಡೋಣ ಅಂತ ಬಂದೆ. ನರರೋಗ ತಜ್ಞರಿಗೆ ತೋರಿಸಿ ಬಂದೆವು. ಮಾತ್ರೆಗಳನ್ನೆಲ್ಲ ಬಟ್ಟೆ ಚೀಲದಲ್ಲಿ ತುಂಬಿಕೊಂಡು ಹೋಗಿದ್ದೆ. ಅವರು ಒಂದೊಂದನ್ನೇ ತೆಗೆದು ನೋಡಿದರು. ಲೆವೊಸಲ್ಪಿರೈಡ್ ಕ್ಯಾಪ್ಸೂಲ್, ಸಿನ್ನಾರಿಜಿನ್ ಎರಡನ್ನೂ ನಿಲ್ಲಿಸಿದರು. ಲೆವೊಡೋಪಾ ಈಗ ಬೇಡ, ಕಾದು ನೋಡೋಣ ಅಂದರು. ಸೋಡಿಯಂ ಕಮ್ಮಿಯೇ, 127 ಬಂತು. ಫಿಸಿಶಿಯನ್ನರಿಗೆ ಇವರೇ ಪತ್ರ ಬರೆದುಕೊಟ್ಟರು. ಅವರು ಬಿಪಿ ಮಾತ್ರೆ ಬದಲಾಯಿಸಿ, ಫ್ರೂಸಿಮೈಡ್ ತೆಗೆದು, ಆಮ್ಲೋಡಿಪಿನ್ ಡೋಸ್ ಇಳಿಸಿದರು. ಆಸ್ಪಿರಿನ್ ಕೂಡ ಬೇಡ ಅಂದರು, ಅಮ್ಮನಿಗೆ ಹೃದಯದ ತೊಂದರೆ ಇಲ್ಲ. ಕುಳಿತಾಗ, ನಿಂತಾಗ ಬಿಪಿ ನೋಡಿದರೆ ನಿಂತಾಗ ತುಂಬಾ ಇಳಿಯುತ್ತಿತ್ತು. ತಲೆಸುತ್ತಿಗೆ ಅದೂ ಕಾರಣ ಇರಬಹುದಂತೆ. ಕ್ಲೋನಜೆಪಾಮ್ ಸದ್ಯಕ್ಕೆ ಮುಟ್ಟಿಲ್ಲ, ಆಮೇಲೆ ನಿಧಾನವಾಗಿ ಇಳಿಸುತ್ತಾರೆ.

ಇನ್ನೂ ಸ್ವಲ್ಪ ದಿನವಷ್ಟೇ ಆಗಿದೆ. ನಡುಕ ಹಾಗೇ ಇದೆ. ಮಾತು ಸ್ವಲ್ಪ ಚುರುಕಾಗಿದೆ ಅಂತ ನನಗನಿಸುತ್ತದೆ, ತಂಗಿ ಒಪ್ಪುತ್ತಿಲ್ಲ. ಅಸೆಕ್ಲೋಫೆನಾಕ್ ಕೂಡ ನಿಲ್ಲಿಸಿರುವುದರಿಂದ ಮಂಡಿ ನೋವಿಗೆ ಅಮ್ಮ ಒದ್ದಾಡುತ್ತಿದ್ದಾರೆ. "ನನ್ನ ನೋವಿನ ಮಾತ್ರೆ ಕೊಡೋ" ಅಂತ ದಿನಾ ಕೇಳುತ್ತಾರೆ. ಅದಕ್ಕೇನು ಮಾಡಲಿ?

ಬೆಂದಕಾಳೂರು
ಒಳ್ಳೆಯ ಸುದ್ದಿ. ಚೀಲ ಒಯ್ದಿದ್ದು ಒಳ್ಳೆಯದಾಯಿತು. ನಾನೂ ತಂದೆಯವರ ಮುಂದಿನ ಚೆಕಪ್‌ಗೆ ಹಾಗೇ ಮಾಡುತ್ತೇನೆ.

ವಾರ್ಡ್‌ರೌಂಡ್
ನೋವನ್ನು ಸಹಿಸಿಕೊಳ್ಳಿ ಅನ್ನುವುದು ಪರಿಹಾರ ಅಲ್ಲ. ಲಿವರ್ ತೊಂದರೆ ಇಲ್ಲದಿದ್ದರೆ ಪ್ಯಾರಸಿಟಮಾಲ್ ಕೇಳಿ ನೋಡಿ. ದಿನಕ್ಕೆ ಒಟ್ಟು 3 ಗ್ರಾಂ ದಾಟದಂತೆ, ಅಮ್ಮನ ತೂಕ ಕಮ್ಮಿಯಿದ್ದರೆ ಇನ್ನೂ ಕಮ್ಮಿ. ಶೀತದ ಮಾತ್ರೆ, ಜ್ವರದ ಮಾತ್ರೆಯಲ್ಲೂ ಅದೇ ಇರುತ್ತದೆ, ಲೆಕ್ಕಕ್ಕೆ ಸೇರಿಸಿ. ಡೈಕ್ಲೋಫೆನಾಕ್ ಜೆಲ್ ಹಚ್ಚಿದರೆ ಮಾತ್ರೆಗಿಂತ ತುಂಬಾ ಕಮ್ಮಿ ಔಷಧಿ ರಕ್ತಕ್ಕೆ ಸೇರುತ್ತದೆ. ಕಿಡ್ನಿ ರಿಪೋರ್ಟ್ ತೋರಿಸಿ ಕೇಳಿಕೊಂಡು ಬಳಸಿ.

ಸಿಸ್ಟರಕ್ಕ
ಫಿಸಿಯೋಥೆರಪಿಯವರ ಹತ್ತಿರ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಕಲಿಸಿ. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ, ಸ್ವಲ್ಪ ಹೊತ್ತು ಹಿಡಿದು, ಇಳಿಸುವುದು. ಮೊದಲ ವಾರ ಬೇಸರ ಮಾಡುತ್ತಾರೆ, ಬಿಡಬೇಡಿ. ಕೆಳಗೆ ಕೂರುವ ಕಕ್ಕಸು ಇದ್ದರೆ ಕಮೋಡ್ ಕುರ್ಚಿ ತನ್ನಿ. ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿ, ರಾತ್ರಿ ಒಂದು ಸಣ್ಣ ದೀಪ ಉರಿಯುತ್ತಿರಲಿ.

ತುಂಗಾತೀರ
ಹಿಡಿಕೆ ಹಾಕಲು ಪ್ಲಂಬರ್ ನಾಳೆ ಬರುತ್ತಾನೆ ಅಕ್ಕ. ಜೆಲ್ ಬಗ್ಗೆ ಫಿಸಿಶಿಯನ್ನರಿಗೆ ಕೇಳುತ್ತೇನೆ.

ಆಗುಂಬೆಮಳೆ
ಡಾಕ್ಟ್ರೇ, ಒಂದು ಬೇರೆ ಪ್ರಶ್ನೆ. ಅಜ್ಜಿಗೆ ಮರೆವಿಗೆ ಡೊನೆಪೆಜಿಲ್ ಶುರು ಮಾಡಿದ ಮೇಲೆ ಮೂತ್ರ ತಡೆಯಲಾಗುತ್ತಿಲ್ಲ. ಅದಕ್ಕೆ ಆಕ್ಸಿಬ್ಯುಟಿನಿನ್ ಬರೆದಿದ್ದಾರೆ. ಕೊಡಬಹುದಾ?

ಫಾರ್ಮ್‌ಡಿ ಮೈಸೂರು
ಶುರು ಮಾಡುವ ಮೊದಲು ಬರೆದ ಡಾಕ್ಟರಿಗೆ ಫೋನ್ ಮಾಡಿ, ದಯವಿಟ್ಟು. ಡೊನೆಪೆಜಿಲ್‌ನಿಂದಲೇ ಮೂತ್ರ ತಡೆಯಲಾಗದೆ ಇರಬಹುದು. ಎರಡೂ ಔಷಧಿ ಒಂದಕ್ಕೊಂದು ಎದುರು ಕೆಲಸ ಮಾಡುತ್ತವೆ, ಮರೆವು ಜಾಸ್ತಿಯಾಗಬಹುದು. ಡೊನೆಪೆಜಿಲ್ ಯಾವ ದಿನ ಶುರುವಾಯಿತು, ಮೂತ್ರದ ತೊಂದರೆ ಯಾವ ದಿನ ಶುರುವಾಯಿತು ಅಂತ ಬರೆದಿಟ್ಟುಕೊಂಡು ಮಾತಾಡಿ. ಮೂತ್ರದ ಸೋಂಕು ಇದೆಯಾ ಅಂತಲೂ ಒಮ್ಮೆ ಪರೀಕ್ಷೆ ಮಾಡಿಸಿ.

ಆಗುಂಬೆಮಳೆ
ಸರಿ ಮೇಡಂ, ಬೆಳಿಗ್ಗೆಯೇ ಫೋನ್ ಮಾಡುತ್ತೇನೆ.